ಎಮ್ಮೆ ಕರು ಹುಡುಕಿದ ಪುಸ್ತಕ

ನನ್ನ ತರಗತಿಯ ಚಿತ್ರಪುಸ್ತಕಗಳು ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಮೂಲೆಗಳನ್ನು ಮಕ್ಕಳು ಅಗಿದಿರುತ್ತಾರೆ, ಹಾಳೆಗಳಿಗೆ ಚಿತ್ರಾನ್ನದ ಅರಿಸಿನ ಮೆತ್ತಿರುತ್ತದೆ, ಯಾವುದೋ ಒಂದು ಆನೆಗೆ ಸೊಂಡಿಲೇ ಇರುವುದಿಲ್ಲ. ಚನ್ನರಾಯಪಟ್ಟಣದ ಈ ನರ್ಸರಿಗೆ ನಾನು ಸೇರಿದ ಮೊದಲ ವರ್ಷವೇ ಹೆಡ್ ಮಿಸ್ಟ್ರೆಸ್ ಕರೆಸಿ, ಹರಿದ ಪುಸ್ತಕಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಪಕ್ಕದ ಸೆಕ್ಷನ್‌ನ ಪುಸ್ತಕ ನೋಡಿ, ನಿನ್ನೆ ತಂದ ಹಾಗಿವೆ. ನಿಮ್ಮ ಮಕ್ಕಳೇನು ಇವನ್ನ ತಿಂತಾರಾ?" ಎಂದು ಕೇಳಿದರು. ಒಂದಿಬ್ಬರು ತಿಂದಿರಲೂಬಹುದು ಎಂದೆ. ಅವರಿಗೆ ನಗು ಬರಲಿಲ್ಲ. ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಡಿ, ನೀವು ಹಿಡಿದು ದೂರದಿಂದ ತೋರಿಸಿ ಎಂದು ಅಪ್ಪಣೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಅಪ್ಪಣೆಯನ್ನು ನಾನು ಒಂದು ದಿನವೂ ಪಾಲಿಸಿಲ್ಲ. ಯಾಕೆಂದು ಅವರಿಗೆ ಹೇಳಿಯೂ ಇಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುವ ಮಾತು ಅದು.

ತೊಂಬತ್ತರ ದಶಕದ ನಡುವೆ ನಾನು ಹಾಸನದಲ್ಲಿ ನರ್ಸರಿ ಟೀಚರ್ ತರಬೇತಿಗೆ ಸೇರಿದ್ದೆ. ನಮ್ಮದು ಸಂಗೀತಗಾರರ ಊರು ರುದ್ರಪಟ್ಟಣ. ಆ ಊರಲ್ಲಿ ಸಂಗೀತ ಬಾರದ ಮನೆ ಯಾವುದಾದರೂ ಇದ್ದರೆ ಅದು ನಮ್ಮದೇ; ನಮ್ಮಪ್ಪ ಬಾಯಿಬಿಟ್ಟು ಹಾಡಿದರೆ ನೆರೆಯವರು ಯಾರಿಗೋ ಹುಷಾರಿಲ್ಲವೆಂದು ವಿಚಾರಿಸಲು ಬರುತ್ತಿದ್ದರು. ಅವರು ಅರಕಲಗೂಡು ತಾಲ್ಲೂಕಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ಹಾಡು ಬಾರದಿದ್ದರೂ ಬಾಯಿಪಾಠ ನಮ್ಮ ಮನೆಯ ಆಸ್ತಿಯಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ, ಸಂವತ್ಸರ, ನಕ್ಷತ್ರ ಎಲ್ಲ ಸಾಲಾಗಿ ಒಪ್ಪಿಸಬೇಕು. ತಪ್ಪದೆ ಒಪ್ಪಿಸಿದ ಮಗು ಜಾಣ, ತಡವರಿಸಿದ ಮಗು ದಡ್ಡ. ಮಕ್ಕಳನ್ನು ಅಳೆಯುವುದಕ್ಕೆ ಬೇರೆ ಅಳತೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಅಳತೆಯನ್ನೇ ಹಿಡಿದುಕೊಂಡು ನಾನು ಟೀಚರಾಗಲು ಹೊರಟಿದ್ದೆ.

ತರಬೇತಿಯ ಕೊನೆಯಲ್ಲಿ ಪರೀಕ್ಷಕರ ಎದುರು ಒಂದು ಕಥೆಪಾಠ ಮಾಡಿ ತೋರಿಸಬೇಕಿತ್ತು. ಅದಕ್ಕೆ ಬೇಕಾದ ಚಿತ್ರಪುಸ್ತಕವನ್ನು ನಾವೇ ತಯಾರಿಸಬೇಕು. ದಪ್ಪ ಡ್ರಾಯಿಂಗ್ ಶೀಟ್ ಕತ್ತರಿಸಿ, ಬಣ್ಣ ಹಾಕಿ, ಪ್ರತಿ ಹಾಳೆಗೂ ಪಾರದರ್ಶಕ ಹೊದಿಕೆ ಅಂಟಿಸಿ, ಮಧ್ಯದಲ್ಲಿ ಹೊಲಿಯಬೇಕು. ಪಾಠ ಮುಗಿದ ಮೇಲೆ ಪುಸ್ತಕವನ್ನು ಪರೀಕ್ಷಕರಿಗೆ ಒಪ್ಪಿಸಬೇಕು. ಅದರ ಮೇಲೆ ಒಂದು ಬೆರಳಿನ ಗುರುತಿದ್ದರೂ ಅಂಕ ಹೋಯಿತೆಂದೇ ಲೆಕ್ಕ. ಹಾಗಾಗಿ ಮಕ್ಕಳಿಗೆಂದು ಮಾಡಿದ ಪುಸ್ತಕವನ್ನು ಮಕ್ಕಳು ಮುಟ್ಟಬಾರದು ಎಂಬುದು ನಮ್ಮೆಲ್ಲರ ಮೊದಲ ನಿಯಮ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ.

ನನ್ನ ಪುಸ್ತಕದಲ್ಲಿ ಒಂದು ಎಮ್ಮೆ ತನ್ನ ಕರುವನ್ನು ಹುಡುಕುತ್ತ ಹೋಗುತ್ತಿತ್ತು. ಕೊಟ್ಟಿಗೆಯಲ್ಲಿ ಎದ್ದು ನೋಡಿದರೆ ಕರು ಇಲ್ಲ. ಬಾವಿಯ ಹತ್ತಿರ ಹೋದರೆ ಅಲ್ಲಿ ಕಪ್ಪೆ. ಬಣವೆಯ ಮೇಲೆ ಕೋಳಿ. ಬೇಲಿಯ ಮೇಲೆ ಓತಿಕ್ಯಾತ. ಆಲೂಗಡ್ಡೆ ಹೊಲದಲ್ಲಿ ಇಲಿ. ಕೆರೆಯಲ್ಲಿ ಕೊಕ್ಕರೆ. ಪ್ರತಿ ಹಾಳೆಗೂ ನಾನು "ಇಲ್ಲಿದೆಯಾ ಕರು?" ಎಂದು ಕೇಳಬೇಕು, ಮಕ್ಕಳು "ಇಲ್ಲಿಲ್ಲ" ಎನ್ನಬೇಕು. ಕೊನೆಯ ಹಾಳೆಯಲ್ಲಿ ಎಮ್ಮೆ ಹಿಂತಿರುಗಿದರೆ ಕರು ಅದರ ಬೆನ್ನ ಹಿಂದೆಯೇ ನಿಂತಿರುತ್ತದೆ. ಆಗ ಎಲ್ಲರೂ "ಇಲ್ಲೈತೆ" ಎಂದು ಕೂಗಬೇಕು. ನನ್ನ ಜೊತೆ ತರಬೇತಿಗಿದ್ದ ಅರಕಲಗೂಡಿನ ಗೆಳತಿ ಚಿತ್ರ ನೋಡಿ, "ಇದೇನೇ, ರಾಗಿ ಮೂಟೆಗೆ ಕೊಂಬು ಬಂದಿದೆ" ಎಂದಳು. ಕೋಪ ಬಂತು, ಆದರೆ ಎಮ್ಮೆಯನ್ನು ತಿದ್ದಿ ಸ್ವಲ್ಪ ತೆಳ್ಳಗೆ ಮಾಡಿದೆ.

ಅಭ್ಯಾಸಕ್ಕೆ ನಮ್ಮಿಬ್ಬರನ್ನು ಹೊಳೆನರಸೀಪುರದ ಒಂದು ಶಿಶುವಿಹಾರಕ್ಕೆ ಹಾಕಿದ್ದರು. ಅಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು, ಇಬ್ಬರೂ ಅಲ್ಲೇ ಉಳಿದೆವು. ಹಂಚಿನ ಒಂದೇ ಕೋಣೆ, ಇಪ್ಪತ್ತು ಮಕ್ಕಳು, ಒಬ್ಬ ಆಯಾ. ಹಿಂದಿನ ಬ್ಯಾಚಿನವರು ಹೇಳಿಕೊಟ್ಟ ಎರಡು ಉಪಾಯಗಳನ್ನು ನಾವು ಜೋಪಾನವಾಗಿ ತಂದಿದ್ದೆವು. ಒಂದು, ಅದೇ ಪುಸ್ತಕವನ್ನು ಅದೇ ಮಕ್ಕಳಿಗೆ ದಿನಾ ಓದಿ ಓದಿ ಅರೆದು ಕುಡಿಸಿ, ಪರೀಕ್ಷೆಯ ದಿನ ಮೊದಲ ಸಲ ತೋರಿಸುವವರಂತೆ ನಟಿಸುವುದು. ಇನ್ನೊಂದು, ಅಳುವ, ಗಿಲ್ಲುವ ಮಕ್ಕಳನ್ನು ಕೈಗೆ ಸಿಗುವಂತೆ ಮುಂದೆ ಕೂರಿಸಿ, ಗಟ್ಟಿಯಾಗಿ ಉತ್ತರ ಹೇಳುವ ಮಗುವನ್ನು ಕೊನೆಯ ಸಾಲಿನಲ್ಲಿ ಕೂರಿಸುವುದು. ಹಿಂದಿನಿಂದ ಒಂದು ದನಿ ಎದ್ದರೆ ಮುಂದಿನವರೆಲ್ಲ ಅದನ್ನೇ ಹಿಡಿದುಕೊಳ್ಳುತ್ತಾರೆ. ಪರೀಕ್ಷಕರಿಗೆ ಇಡೀ ತರಗತಿ ಕಲಿತಂತೆ ಕೇಳಿಸುತ್ತದೆ.

ಗಟ್ಟಿ ದನಿಯ ಮಗು ನನಗೆ ಮೊದಲ ವಾರವೇ ಸಿಕ್ಕಿತು. ಇನ್ನೂ ನಾಲ್ಕು ತುಂಬಿರದ ಹುಡುಗಿ. ಅವಳ ತಂದೆಯದು ಹಳ್ಳಿಮೈಸೂರಿನ ಕಡೆ ಒಂದು ಹಳ್ಳಿ, ಹೊಲ ತೋಟ ಇದ್ದ ಮನೆ. ತಾಯಿ ಎರಡನೇ ಬಾಣಂತನಕ್ಕೆ ಹೊಳೆನರಸೀಪುರದ ತವರಿಗೆ ಬಂದಿದ್ದರು, ಇರುವಷ್ಟು ದಿನ ದೊಡ್ಡ ಮಗಳು ಶಿಶುವಿಹಾರಕ್ಕೆ ಹೋಗಲಿ ಎಂದು ಸೇರಿಸಿದ್ದರು. ಎರಡು ಸಲ ಕಥೆ ಹೇಳಿದ್ದಕ್ಕೆ ಮೂರನೇ ಸಲ ಆ ಮಗು ನನಗಿಂತ ಮುಂಚೆ ಹೇಳಿತು. "ಬೇಲಿ ಮ್ಯಾಲೆ ಓತಿಕ್ಯಾತ. ಇಲ್ಲಿಲ್ಲ ಕರ." ಒಂದು ಅಕ್ಷರ ತಪ್ಪಿಲ್ಲ. ನಮ್ಮಪ್ಪ ಕೇಳಿದ್ದರೆ ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ನಾನು ಅವಳನ್ನು ಎಬ್ಬಿಸಿ ಕೊನೆಯ ಸಾಲಿಗೆ, ಗೋಡೆಯ ಪಕ್ಕಕ್ಕೆ ಕಳಿಸಿದೆ. ಅದು ಅವಳಿಗೆ ಸಿಕ್ಕ ಬಹುಮಾನ.

ಈಗ ಹಿಂತಿರುಗಿ ನೋಡಿದರೆ ಎಲ್ಲವೂ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅವಳು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ದಿನಾ ಎಡವುತ್ತಿದ್ದಳು. ಆಯಾ, "ಬಲೇ ಬಿರುಸು ಕಣವ್ವ ಇದು, ನೆಲ ನೋಡ್ಕಂಡು ನಡೆಯಾಕಿಲ್ಲ" ಎಂದು ಗೊಣಗುತ್ತಿದ್ದಳು. ಸ್ಲೇಟು ಕೊಟ್ಟರೆ ಮೂಗು ತಾಗುವಷ್ಟು ಬಗ್ಗಿ ಗೀಚುತ್ತಿದ್ದಳು. ನಾನೇ ಬೆನ್ನು ತಟ್ಟಿ ನೆಟ್ಟಗೆ ಕೂರಿಸುತ್ತಿದ್ದೆ. ಕಥೆ ಕೇಳುವಾಗ ಮುಖವನ್ನು ಪುಸ್ತಕದ ಕಡೆ ಇಡದೆ ಓರೆ ಮಾಡಿ ಕಿವಿ ಕೊಡುತ್ತಿದ್ದಳು. ಒಂದು ದಿನ ಬಾಗಿಲಿಂದ ಬಿದ್ದ ಬಿಸಿಲಿಗೆ ಅವಳು ಮುಖ ತಿರುಗಿಸಿದಾಗ ಕಣ್ಣಿನ ಕಪ್ಪು ಗುಡ್ಡೆಯ ಒಳಗೆ ಏನೋ ಬೆಳ್ಳಗೆ ಹೊಳೆಯಿತು, ಅಡುಗೆಮನೆಯ ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಗೆಳತಿಗೆ ತೋರಿಸಿದೆ. ಇಬ್ಬರೂ ನಕ್ಕೆವು. ಕರೆದುಕೊಂಡು ಹೋಗಲು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದ ತಾಯಿಗೂ, "ನಿಮ್ಮ ಮಗಳದು ಬೆಕ್ಕಿನ ಕಣ್ಣು" ಎಂದೆ. "ಊ ಕಣವ್ವ, ನಮ್ಮತ್ತೇನೂ ಅಂಗೇ ಅಂತಾರೆ. ಅದೃಷ್ಟದ್ ಕಣ್ಣಂತೆ" ಎಂದು ಆಕೆಯೂ ನಕ್ಕರು. ಮೂವರೂ ಬಾಗಿಲಲ್ಲಿ ನಿಂತು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಜನವರಿಯಲ್ಲಿ ಪರೀಕ್ಷೆ ಬಂತು. ಹಿಂದಿನ ದಿನ ಎರಡು ಹಾಳೆಗಳ ಹೊದಿಕೆ ಸುಕ್ಕಾಗಿದೆ ಎನಿಸಿ ಹೊಸದನ್ನು ಅಂಟಿಸಿದ್ದೆ. ಗೋಂದು ಒಣಗಿತೆಂದುಕೊಂಡಿದ್ದೆ. ಒಣಗಿರಲಿಲ್ಲ.

ಪರೀಕ್ಷಕರು ಹಾಸನದಿಂದ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಮಕ್ಕಳು ಕೈಕಟ್ಟಿ ಚಾಪೆಯ ಮೇಲೆ ಕೂತಿದ್ದವು. ನಾನು ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಯಾವತ್ತೂ ನೋಡಿಲ್ಲದವಳ ಹಾಗೆ ಆಶ್ಚರ್ಯ ನಟಿಸುತ್ತ, ಕೊಟ್ಟಿಗೆ ಮುಗಿಸಿ ಬಾವಿಗೆ ಬಂದೆ. ಕಪ್ಪೆ ಆಯಿತು. ಹಾಳೆ ತಿರುವಿದೆ. ಹೊದಿಕೆ ಪರಪರ ಸದ್ದು ಮಾಡಿತು. ಹಿಂದಿನ ಸಾಲಿನಿಂದ ಗಟ್ಟಿಯಾದ ದನಿ ಬಂತು: "ಬಣವೆ ಮ್ಯಾಲೆ ಕೋಳಿ. ಇಲ್ಲಿಲ್ಲ ಕರ."

ಆದರೆ ಕೋಳಿಯ ಹಾಳೆ ಕಪ್ಪೆಯ ಹಾಳೆಯ ಬೆನ್ನಿಗೆ ಅಂಟಿಕೊಂಡಿತ್ತು. ಎರಡೂ ಒಟ್ಟಿಗೆ ತಿರುಗಿ, ನನ್ನ ಕೈಯಲ್ಲಿ ತೆರೆದಿದ್ದದ್ದು ಬೇಲಿಯ ಹಾಳೆ. ಕೆಂಪು ತಲೆಯ ಓತಿಕ್ಯಾತ ಅಷ್ಟು ದೊಡ್ಡದಾಗಿ ಕೂತಿದೆ. ಮುಂದಿನ ಸಾಲಿನ ಮಕ್ಕಳು ಬಾಯಿ ತೆರೆದವರು ಗಲಿಬಿಲಿಗೊಂಡು ಹಿಂದಕ್ಕೆ ತಿರುಗಿ ನೋಡಿದರು. ನಾನೂ ನೋಡಿದೆ. ಅವಳು ಗೋಡೆಗೆ ಒರಗಿ, ಕಿವಿಯನ್ನು ನನ್ನ ಕಡೆ ಮಾಡಿಕೊಂಡು, ಮುಂದಿನ ಪರಪರ ಸದ್ದಿಗಾಗಿ ನಗುತ್ತ ಕಾಯುತ್ತಿದ್ದಳು. ಒಂದು ತಿಂಗಳಿಂದ ಅವಳು ನನ್ನ ಪುಸ್ತಕವನ್ನು ಹೀಗೆ ಓದಿದ್ದಳು.

ಆಗ ನಾನು ಮಾಡಿದ್ದು ಇದು. ಪರೀಕ್ಷಕರು ತಲೆ ತಗ್ಗಿಸಿ ನನ್ನ ಪಾಠದ ಟಿಪ್ಪಣಿ ಓದುತ್ತಿದ್ದರು. ಅವರು ತಲೆ ಎತ್ತುವ ಮುಂಚೆ ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಹೌದು, ಕೋಳಿ. ಜಾಣೆ" ಎಂದೆ. ಉಗುರಿನಿಂದ ಹಾಳೆ ಬಿಡಿಸಿದೆ. ಎಲ್ಲರೂ ಕೋಳಿ ಕೋಳಿ ಎಂದು ಕೂಗಿದರು. ಅಲ್ಲಿಂದ ಮುಂದೆ ಪಾಠ ನೀರು ಹರಿದ ಹಾಗೆ ಹೋಯಿತು. ಕೊನೆಯಲ್ಲಿ ಎಲ್ಲರಿಗಿಂತ ಮುಂಚೆ "ಇಲ್ಲೈತೆ" ಎಂದವಳೂ ಅವಳೇ. ಪರೀಕ್ಷಕರು ಎದ್ದು, "ಆ ಹಿಂದಿನ ಮಗು ಬಹಳ ಚುರುಕು. ಎಲ್ಲಾ ಮಕ್ಕಳನ್ನೂ ಚೆನ್ನಾಗಿ ತೊಡಗಿಸಿದ್ದೀರಿ" ಎಂದರು. ಬ್ಯಾಚಿಗೇ ಹೆಚ್ಚಿನ ಅಂಕ ನನಗೆ ಬಂತು.

ಅವರು ಹೋದ ಮೇಲೆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕರು ಸಿಗುವ ಕೊನೆಯ ಹಾಳೆಯನ್ನು ತೆರೆದು, ಒಂದು ಮೊಳ ದೂರದಲ್ಲಿ ಹಿಡಿದು, ಏನೂ ಮಾತಾಡದೆ ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಪುಸ್ಕ ತೆಗೀರಿ ಮಿಸ್" ಎಂದಳು. ಪುಸ್ತಕ ಅವಳ ಮುಖದ ಮುಂದೆ ತೆರೆದೇ ಇತ್ತು.

ಇಷ್ಟು ಗೊತ್ತಾದ ಮೇಲೆ ಅವತ್ತೇ ಸಂಜೆ ಆ ತಾಯಿಯ ಮನೆಗೆ ಹೋಗಬೇಕಿತ್ತು. ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಚಿತ್ರ ಕಾಣದ ಮಗುವೇ ನನ್ನ ಚಿತ್ರಪಾಠವನ್ನು ನಡೆಸಿತು ಎಂದು ತಿಳಿದರೆ ನನ್ನ ಅಂಕವನ್ನು ಏನು ಮಾಡುತ್ತಾರೋ ಎಂಬ ಹೆದರಿಕೆ ಹಿಡಿಯಿತು. ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿದೆ. ಗೆಳತಿಯ ಪಾಠ ಎರಡು ವಾರ ಆದ ಮೇಲೆ ಇತ್ತು. "ನನ್ನ ಪಾಠಕ್ಕೂ ಆ ಮಗೂನೇ ಹಿಂದೆ ಕೂರಿಸಿಕೊಡೇ, ನಿನ್ನ ಮಾತು ಕೇಳತ್ತೆ" ಎಂದಳು. ಅವಳಿಗೆ ಪಾಪ ಏನೂ ಗೊತ್ತಿರಲಿಲ್ಲ. ಗೊತ್ತಿದ್ದ ನಾನು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆಳತಿ ತಯಾರಿಸಿದ್ದ ತರಕಾರಿ ಗಾಡಿಯ ಕಥೆಪುಸ್ತಕವನ್ನೂ ಹಾಳೆ ಹಾಳೆಯಾಗಿ ಬಾಯಿಪಾಠ ಮಾಡಿಸಿದೆ. ನಾಲ್ಕೇ ದಿನದಲ್ಲಿ ಕಲಿತಳು. ಗೆಳತಿಗೂ ಒಳ್ಳೆಯ ಅಂಕ ಬಂತು, ಚಿಕ್ಕಮ್ಮ ಇಬ್ಬರಿಗೂ ಕೇಸರಿಬಾತ್ ಮಾಡಿ ಹಾಕಿದರು. ಮೊದಲು ಬಿಸಿಲಲ್ಲಿ ಆ ಕಣ್ಣಿನ ಹೊಳಪು ನೋಡಿ ನಕ್ಕ ದಿನದಿಂದ ಅಷ್ಟು ಹೊತ್ತಿಗೆ ಆರು ವಾರ ಆಗಿತ್ತು.

ಕೊನೆಯ ದಿನ ತಾಯಿ ಬಂದಾಗ ಬಾಗಿಲ ಹೊರಗೆ ನಿಂತು ಹೇಳಿದೆ. ಹೇಳಿದ ರೀತಿಯೂ ಎಂಥದು. "ಒಂದ್ಸಲ ಯಾವಾಗಾದ್ರೂ ಹಾಸನದಲ್ಲಿ ಕಣ್ಣು ತೋರಿಸಿ, ಸ್ವಲ್ಪ ದೃಷ್ಟಿ ಕಮ್ಮಿ ಇರಬಹುದು ಅನ್ಸತ್ತೆ." ಅವರು ಮಗಳ ಕೂದಲು ಸರಿಮಾಡುತ್ತ, "ತೋರುಸ್ತೀವಿ ಬುಡಿ. ನಾಳೀಕೆ ನಮ್ಮೂರ್ಗೆ ಓಯ್ತಿವಿ. ರಾಗಿ ಒಕ್ಕಣೆ ಒಂದ್ ಮುಗೀಲಿ" ಎಂದರು. ನಾನು ಹೂಂ ಎಂದೆ. ತಡ ಮಾಡಬೇಡಿ ಎನ್ನಲಿಲ್ಲ, ಪುಸ್ತಕದ ವಿಷಯ ಹೇಳಲಿಲ್ಲ. ಹೇಳಿದೆನಲ್ಲ ಎಂಬ ಸಮಾಧಾನ ಮಾತ್ರ ಗಂಟು ಕಟ್ಟಿಕೊಂಡು ಹಾಸನದ ಬಸ್ಸು ಹತ್ತಿದೆ.

ಬೇಸಿಗೆಯಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ಆಯಾ ದಾರಿಯಲ್ಲಿ ಸಿಕ್ಕಳು. "ಆ ಮಗ ಇತ್ತಲ್ಲವ್ವ, ಕತೆ ಏಳದು. ಎಲ್ಡು ಕಣ್ಣೂ ತೆಗುಸ್ಬುಟ್ರಂತೆ" ಎಂದಳು. ಕಣ್ಣಿನೊಳಗೆ ಕ್ಯಾನ್ಸರ್ ಗಡ್ಡೆ ಬೆಳೆದಿತ್ತಂತೆ. ಹಾಸನದಲ್ಲಿ ನೋಡಿ, ಕೂಡಲೇ ಬೆಂಗಳೂರಿಗೆ ಕಳಿಸಿದರಂತೆ. ಬೆಳ್ಳಗೆ ಹೊಳೆಯುತ್ತಿದ್ದದ್ದು ಆ ಗಡ್ಡೆ.

ಮಾರನೆಯ ದಿನ ಹಳ್ಳಿಮೈಸೂರಿನ ಬಸ್ಸು ಹತ್ತಿ, ಇಳಿದು, ಕೇಳಿಕೊಂಡು ಆ ಹಳ್ಳಿಗೆ ನಡೆದೆ. ಚೀಲದಲ್ಲಿ ಎಮ್ಮೆಯ ಪುಸ್ತಕ ಇತ್ತು. ಪರೀಕ್ಷೆ ಮುಗಿದ ಮೇಲೆ ವಾಪಸು ಬಂದದ್ದು, ಒಳಗೆ ಪರೀಕ್ಷಕರ ಕೆಂಪು ಶಾಯಿಯ ರುಜು ಬಿಟ್ಟರೆ ಬೇರೊಂದು ಕಲೆ ಇಲ್ಲ. ಯಾಕೆ ತೆಗೆದುಕೊಂಡು ಹೊರಟೆನೋ ನನಗೇ ಗೊತ್ತಿಲ್ಲ. ಬರಿಗೈಯಲ್ಲಿ ಹೋಗಲು ಹೆದರಿಕೆಯಾಗಿತ್ತು ಎಂದು ಕಾಣುತ್ತದೆ.

ತಾಯಿ ನನ್ನನ್ನು ನೋಡಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಮಣೆ ಹಾಕಿ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, "ನೀವಾದ್ರೂವೆ ಏಳಿದ್ರಿ ಕಣವ್ವ. ನಾವೇ ಒಕ್ಕಣೆ ಒಕ್ಕಣೆ ಅಂತ ಇಪ್ಪತ್ ದಿನ ಕಳುದ್ಬುಟ್ವಿ. ಎಲ್ಡು ತಿಂಗ್ಳು ಮುಂಚೆ ತಂದಿದ್ರೆ ಎಡಗಣ್ಣು ಉಳ್ಕತಿತ್ತು ಅಂದ್ರು ಡಾಕ್ಟ್ರು. ಅದ್ರಲ್ಲಿ ಅತ್ರ ಇಟ್ರೆ ವಸಿ ಕಾಣ್ತಿತ್ತಂತೆ. ನಮ್ಗೆ ಗೊತ್ತಾಗ್ನಿಲ್ಲ. ಅಷ್ಟ್ ಸಂದಾಗಿ ಕತೆ ಏಳೋಳ್ಗೆ ಕಣ್ ಕಾಣಾಕಿಲ್ಲ ಅಂತ ಯಾರ್ ತಾನೆ ಅನ್ಕಂಡಾರು" ಎಂದರು.

ಎರಡು ತಿಂಗಳು. ಅವರದು ಇಪ್ಪತ್ತು ದಿನ, ನನ್ನದು ಆರು ವಾರ. ಮಜ್ಜಿಗೆಯ ಲೋಟ ಹಿಡಿದುಕೊಂಡು ಈ ಲೆಕ್ಕ ಮಾಡಿದೆ. ಹತ್ತಿರ ಇಟ್ಟರೆ ಕಾಣುತ್ತಿತ್ತು. ಒಂದೇ ಒಂದು ದಿನ ಪುಸ್ತಕವನ್ನು ಅವಳ ಕೈಗೆ ಕೊಟ್ಟಿದ್ದರೆ, ಸ್ಲೇಟಿನ ಹಾಗೆಯೇ ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದಳು. ಎಂಥ ಪೆದ್ದಿಗಾದರೂ ಅರ್ಥವಾಗುತ್ತಿತ್ತು. ತಪ್ಪು ನನ್ನದು ಎಂದು ಆ ತಾಯಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಮಜ್ಜಿಗೆ ಕುಡಿದೆ. ಇವತ್ತಿಗೂ ಅವರಿಗೆ ಹೇಳಿಲ್ಲ. ನಾನು ಹೇಡಿ, ಅದಕ್ಕೆ ಬೇರೆ ಮಾತಿಲ್ಲ.

ಅಷ್ಟರಲ್ಲಿ ನನ್ನ ದನಿ ಕೇಳಿ ಮಗು ಒಳಗಿಂದ ಗೋಡೆ ಹಿಡಿದುಕೊಂಡು ಬಂದಳು. ರೆಪ್ಪೆಗಳು ಒಳಗೆ ಇಳಿದು ಮುಚ್ಚಿಕೊಂಡಿದ್ದವು. ತಲೆಗೂದಲು ಉದುರಿತ್ತು. "ಎಮ್ಮೆ ಪುಸ್ಕ ತಂದಿದೀರಾ ಮಿಸ್?" ಎಂದಳು. ತಂದಿದ್ದೇನೆ ಎಂದೆ. ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಲ, ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ.

ಅವಳು ಎರಡೂ ಕೈಯಿಂದ ಅದರ ಅಂಚು ಸವರಿದಳು. ಹಾಳೆ ತಿರುವಿದಳು. ಪರಪರ ಸದ್ದಾಯಿತು. ಆ ಸದ್ದಿಗೆ ಮುಖ ಅರಳಿತು. "ಬಾವಿ ತಾವ ಕಪ್ಪೆ" ಎಂದಳು. ಆಮೇಲೆ ಅಂಗೈಯನ್ನು ಹೊದಿಕೆಯ ಮೇಲೆ ಇಟ್ಟು ಅತ್ತಿಂದಿತ್ತ ಎಳೆದಳು. "ಎಲ್ಲೈತೆ ಮಿಸ್ ಕಪ್ಪೆ?" ನಾನು ಅವಳ ಬೆರಳನ್ನು ಹಿಡಿದು ಕಪ್ಪೆಯ ಬೆನ್ನಿನ ಮೇಲೆ ಇಟ್ಟೆ. ಇಲ್ಲಿ ಎಂದೆ. ಅವಳು ಒತ್ತಿ ನೋಡಿದಳು, ಕೆರೆದು ನೋಡಿದಳು. ಏನೂ ಸಿಗಲಿಲ್ಲ. ಮುಂದಿನ ಹಾಳೆ ತಿರುವಿ ಕೋಳಿಯನ್ನು ಹುಡುಕಿದಳು. ಓತಿಕ್ಯಾತವನ್ನು, ಇಲಿಯನ್ನು, ಕೊಕ್ಕರೆಯನ್ನು ಹುಡುಕಿದಳು. ಎಲ್ಲ ಹಾಳೆಯೂ ಒಂದೇ ಥರ ನುಣ್ಣಗಿತ್ತು. ಒಂದೊಂದಕ್ಕೂ ಅವಳ ದನಿ ತಗ್ಗುತ್ತ ಬಂತು, ಕೊಕ್ಕರೆಯ ಹೊತ್ತಿಗೆ ಹೆಸರು ಹೇಳುವುದನ್ನೂ ಬಿಟ್ಟಿದ್ದಳು.

ಕೊನೆಯ ಹಾಳೆ ತಾನೇ ತಿರುವಿದಳು. ಎಮ್ಮೆಯ ಬೆನ್ನ ಹಿಂದೆ ಕರು ನಿಂತಿತ್ತು. ಅವಳ ಕೈ ಎಮ್ಮೆಯ ಮೇಲೆ, ಕರುವಿನ ಮೇಲೆ, ಪರೀಕ್ಷಕರ ರುಜುವಿನ ಮೇಲೆ ಹರಿದಾಡಿ, ಹಾಳೆಯ ಆಚೆ ಅಂಚಿಗೆ ಹೋಗಿ ನಿಂತಿತು. "ಇಲ್ಲೂ ಇಲ್ಲ ಮಿಸ್" ಎಂದಳು.

ಅವತ್ತು ಪರೀಕ್ಷೆಯಲ್ಲಿ ಹೇಳಿದ ಹಾಗೆ ಏನಾದರೊಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಇಲ್ಲ ಮಗೂ, ಇಲ್ಲೂ ಇಲ್ಲ" ಎಂದೆ. ಆ ಪುಸ್ತಕ ಹಿಡಿದು ನಾನು ಅವಳಿಗೆ ಹೇಳಿದ ಮೊದಲ ನಿಜ ಅದೇ. ಅವಳು ಪುಸ್ತಕವನ್ನು ಮಡಿಚಿ, ಅಂಚಿಗೆ ಬಾಯಿ ಹಾಕಿ ಕಚ್ಚತೊಡಗಿದಳು. ತಾಯಿ ಬಿಡಿಸಲು ಬಂದರು. ಬೇಡ, ಅವಳ ಹತ್ತಿರವೇ ಇರಲಿ ಎಂದು ಹೇಳಿ ಎದ್ದು ಬಂದೆ.